ಒಳಗಿನ ಕೆಲಸ

ಬಿಲ್ಡರ್ ಕಂಪನಿ ಬಾಗಿಲು ಮುಚ್ಚಿತೆಂಬ ಇಮೇಲ್ ಬಂದಾಗ ಗುರುದತ್ತನ ಮನೆಗೆ ಹಿಂದಿನ ಗೋಡೆಯೇ ಇರಲಿಲ್ಲ. ಮೇ ತಿಂಗಳಲ್ಲಿ ಕೆಲಸಗಾರರು ಬಂದು ಅಡುಗೆಮನೆಯ ಹಿಂಬದಿಯನ್ನು ಒಡೆದು, ಆ ಜಾಗಕ್ಕೆ ನೀಲಿ ಟಾರ್ಪಾಲು ಕಟ್ಟಿ, ಅದರ ಮೇಲೆ ಪ್ಲೈವುಡ್ ಹೊಡೆದು ಹೋಗಿದ್ದರು. ಆಮೇಲೆ ಒಂದು ವಾರ ಮಳೆ ಅಂದರು, ಇನ್ನೊಂದು ವಾರ ಸ್ಟೀಲ್ ಬಂದಿಲ್ಲ ಅಂದರು. ಆ ದೇಶದಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳ ಎರಡನೆಯ ಮಂಗಳವಾರ ಈ ಪತ್ರ ಬಂತು.

ಹೆಂಡತಿ ಶ್ರೀಲಕ್ಷ್ಮಿ ಲಿವಿಂಗ್ ರೂಮಿನ ಮೂಲೆಯಲ್ಲಿ ಇಂಡಕ್ಷನ್ ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಒಂದು ತಿಂಗಳಿಂದ ಅದೇ ಅಡುಗೆಮನೆ.

"ಮುಚ್ಚಿಬಿಟ್ರಂತೆ," ಎಂದ ಗುರುದತ್ತ, ಫೋನು ಹಿಡಿದುಕೊಂಡೇ.

"ಏನು ಮುಚ್ಚಿದ್ರು?"

"ಕಂಪನಿ. ದಿವಾಳಿ."

ಅವಳು ಒಲೆ ಆರಿಸಿದಳು. "ಮತ್ತೆ ಈ ಗೋಡೆ?"

"ಇನ್ಶೂರೆನ್ಸ್ ಇದೆ. ಕ್ಲೇಮ್ ಮಾಡ್ಬೇಕು. ಬೇರೆ ಬಿಲ್ಡರ್ ಹುಡುಕ್ಬೇಕು."

"ಎಷ್ಟು ದಿನ?"

"ಗೊತ್ತಿಲ್ಲ ಶ್ರೀ. ಆರು ತಿಂಗಳಾದ್ರೂ ಆಗುತ್ತೆ."

ಕಿಟಕಿಯ ಬಳಿ ಕುರ್ಚಿಯಲ್ಲಿ ಸ್ವೆಟರಿನ ಮೇಲೆ ಶಾಲು ಹೊದ್ದು ಕೂತಿದ್ದ ಶಂಭುಲಿಂಗಪ್ಪನವರು ಮಗನ ಮುಖ ನೋಡಿದರು. ಗದಗಿನಲ್ಲಿ ಮೂವತ್ತು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸದ ಮೇಲ್ವಿಚಾರಣೆ ಮಾಡಿದವರು. ಅರ್ಧಕ್ಕೆ ನಿಂತ ಕಟ್ಟಡ ಅವರಿಗೆ ಹೊಸದಲ್ಲ.

"ಚಳಿಗಾಲ ಮುಗಿಯೂತನಾ ಹಿಂಗ ಇರೂದೇನೋ?" ಎಂದು ಕೇಳಿದರು.

ಗುರುದತ್ತ ಇಮೇಲನ್ನು ಮತ್ತೆ ಮೊದಲಿನಿಂದ ಓದತೊಡಗಿದ.

ಸಿಡ್ನಿಯಿಂದ ವಿಮಾನದಲ್ಲಿ ಒಂದೂವರೆ ಗಂಟೆ ದೂರದ ಗ್ಲೆನ್ ವೇವರ್ಲಿಯ ಆ ಮನೆಯನ್ನು ಅವನು ಕೊಂಡು ಮೂರು ವರ್ಷವಾಗಿತ್ತು. ಅರವತ್ತೊಂದನೇ ಇಸವಿಯಲ್ಲಿ ಹೆಸರಾಂತ ಆರ್ಕಿಟೆಕ್ಟ್ ಒಬ್ಬರು ಕಟ್ಟಿಸಿದ್ದು. ಚಪ್ಪಟೆ ಮಾಡು, ಬೆಣ್ಣೆ ಬಣ್ಣದ ಇಟ್ಟಿಗೆ, ಉತ್ತರಕ್ಕೆ ನೆಲದಿಂದ ಸೂರಿನವರೆಗೆ ಗಾಜು. ಹೆರಿಟೇಜ್ ಪಟ್ಟಿಯಲ್ಲಿ ಇದ್ದದ್ದರಿಂದ ಕೆಡವಿ ಎರಡು ಮನೆ ಕಟ್ಟುವ ಹಾಗಿರಲಿಲ್ಲ. ಹಾಗಾಗಿ ಸುತ್ತಲಿನ ಮನೆಗಳಿಗಿಂತ ಕಡಿಮೆಗೆ ಸಿಕ್ಕಿತ್ತು. ಶ್ರೀಲಕ್ಷ್ಮಿ ಒಪ್ಪಿದ್ದು ಮಗಳು ಸಾನ್ವಿಯ ಸ್ಕೂಲಿಗಾಗಿ. ಗುರುದತ್ತ ಒಪ್ಪಿದ್ದು ಮನೆಗಾಗಿಯೇ. ಅದರಲ್ಲೂ ಓದುವ ಕೋಣೆಗಾಗಿ. ನಾಲ್ಕೂ ಗೋಡೆಗೆ ಜೇನುಬಣ್ಣದ ಮರ, ಗೋಡೆಗೇ ಹೊಂದಿಸಿ ಮಾಡಿದ ಮೇಜು, ಕಪಾಟು, ಎದುರಿಗೆ ಒಂದು ಉದ್ದನೆಯ ಕಿಟಕಿ. ವರ್ಷಕ್ಕೊಮ್ಮೆ ಹಳೆಯ ಮನೆಗಳನ್ನು ನೋಡುವ ಸಂಘದವರು ಬರುತ್ತಿದ್ದರು. ಆ ದಿನ ಗುರುದತ್ತ ಇಸ್ತ್ರಿ ಅಂಗಿ ಹಾಕಿ ಬಾಗಿಲಲ್ಲೇ ನಿಂತು, ಒಬ್ಬೊಬ್ಬರನ್ನೇ ಆ ಕೋಣೆಗೆ ಕರೆದೊಯ್ದು, ಮರದ ಜೋಡಣೆಯಲ್ಲಿ ಒಂದು ಮೊಳೆಯೂ ಕಾಣದಿರುವುದನ್ನು ತೋರಿಸುತ್ತಿದ್ದ.

ಅಪ್ಪ ಅವ್ವ ಪರ್ಮನೆಂಟ್ ವೀಸಾದಲ್ಲಿ ಬಂದ ಮೇಲೆ ತೊಂದರೆ ಶುರುವಾಯಿತು. ಇಳಿಜಾರಿನ ಜಾಗವಾದ್ದರಿಂದ ಮನೆ ಎರಡು ಮಟ್ಟದಲ್ಲಿತ್ತು. ಅಡುಗೆಮನೆ, ಓದುವ ಕೋಣೆ, ಅಪ್ಪ ಅವ್ವನ ಕೋಣೆ ಮೇಲೆ. ಮೂರು ಮೆಟ್ಟಿಲು ಇಳಿದರೆ ಉಳಿದ ಬೆಡ್‌ರೂಮುಗಳು ಮತ್ತು ಮನೆಗಿದ್ದ ಒಂದೇ ಬಾತ್‌ರೂಮು. ಅವ್ವ ದ್ಯಾಮವ್ವನಿಗೆ ಎಪ್ಪತ್ತಾರು, ಎರಡೂ ಮಂಡಿ ಸವೆದಿದ್ದವು. ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಹಿಂದೆ ತೋಟದ ಕಡೆ ಹೊಸದಾಗಿ ಒಂದು ಕೋಣೆ, ಅದಕ್ಕೇ ಸೇರಿದ ಬಾತ್‌ರೂಮು, ಹಳೆಯ ಮನೆಗೂ ಅದಕ್ಕೂ ನಡುವೆ ಗಾಜಿನ ಓಣಿ ಎಂದು ಗುರುದತ್ತ ಪ್ಲಾನ್ ಮಾಡಿಸಿದ. ಅಲ್ಲಿಯ ನಗರಸಭೆಯಾದ ಕೌನ್ಸಿಲ್ಲಿನ ಒಪ್ಪಿಗೆಗೆ ಒಂದು ವರ್ಷ ಹಿಡಿಯಿತು.

ಆ ವರ್ಷದಲ್ಲೇ ಒಂದು ದಿನ ಶಂಭುಲಿಂಗಪ್ಪನವರು ಟೇಪು ಹಿಡಿದು ಓದುವ ಕೋಣೆಯನ್ನು ಅಳೆದಿದ್ದರು.

"ಗುರು, ಈ ಖೋಲಿ ನಮ್ಮ ಖೋಲಿಗೆ ಹತ್ತಿಕೊಂಡೇ ಐತಿ. ಗ್ವಾಡಿ ಆಚಿಗೆ ಅಡಗಿಮನಿ ಪೈಪು. ಇದನ್ನ ಬಾತ್‌ರೂಮ್ ಮಾಡಿದ್ರ ಹದಿನೈದು ದಿನದ ಕೆಲಸ. ಹಿಂದ ಇಷ್ಟು ದೊಡ್ಡದು ಕಟ್ಟೂದ ಯಾಕ?"

"ಕೌನ್ಸಿಲ್ ಬಿಡೂದಿಲ್ಲಪ್ಪಾ," ಎಂದಿದ್ದ ಗುರುದತ್ತ. "ಹೆರಿಟೇಜ್ ಮನಿ. ಒಂದು ಹಲಗಿ ಕಿತ್ತರೂ ದಂಡ ಹಾಕ್ತಾರ."

"ಕೇಳಿ ನೋಡಿದಿ?"

"ಕೇಳೀನಿ. ಬರದು ಕೊಟ್ಟಾರ, ಆಗೂದಿಲ್ಲ ಅಂತ."

ಶಂಭುಲಿಂಗಪ್ಪನವರು ಸರ್ಕಾರಿ ಮನುಷ್ಯ. ಬರೆದು ಕೊಟ್ಟಿದ್ದಾರೆ ಎಂದ ಮೇಲೆ ಟೇಪು ಸುತ್ತಿ ಡ್ರಾಯರಿನಲ್ಲಿಟ್ಟರು.

* * *

ಜುಲೈ ಚಳಿ ಆ ವರ್ಷ ಕೆಟ್ಟದಾಗಿತ್ತು. ಟಾರ್ಪಾಲಿನ ಸಂದಿಯಿಂದ ಗಾಳಿ ನುಗ್ಗುತ್ತಿತ್ತು. ಮೂರು ಹೀಟರ್ ಹಚ್ಚಿದರೂ ಉಣ್ಣುವಾಗ ತಟ್ಟೆಯಲ್ಲಿ ಅನ್ನ ಆರಿಹೋಗುತ್ತಿತ್ತು. ದ್ಯಾಮವ್ವ ಇಂಡಕ್ಷನ್ ಒಲೆಯ ಮೇಲೆ ರೊಟ್ಟಿ ಬೇಯುವುದಿಲ್ಲವೆಂದು ಬಡಿಯುವುದನ್ನೇ ಬಿಟ್ಟಳು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು.

"ಅತ್ತೆ, ಬೆಳಗ್ಗೆಯಿಂದ ಒಂದು ಲೋಟನೂ ಕುಡಿದಿಲ್ಲ ನೀವು," ಎಂದಳು ಶ್ರೀಲಕ್ಷ್ಮಿ. ಅವಳು ರಕ್ತಪರೀಕ್ಷೆಯ ಸೆಂಟರಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುವವಳು. ನೀರು ಕುಡಿಯದವರ ನರ ಹುಡುಕುವ ಕಷ್ಟ ಅವಳಿಗೆ ದಿನದ ಪಾಡು.

"ಕುಡದ್ರ ಮತ್ತ ಇಳೀಬೇಕಲ್ಲವಾ," ಎಂದಳು ದ್ಯಾಮವ್ವ. "ಇಳಿದ್ರ ಹತ್ತಬೇಕು."

ಆ ತಿಂಗಳ ಮೂರನೆಯ ಗುರುವಾರ ಮಧ್ಯಾಹ್ನ ಗುರುದತ್ತ ಸಿಟಿಯಲ್ಲಿ ಆಫೀಸಿನಲ್ಲಿದ್ದ. ಶ್ರೀಲಕ್ಷ್ಮಿ ಕೆಲಸಕ್ಕೆ ಹೋಗಿದ್ದಳು. ಶಂಭುಲಿಂಗಪ್ಪನವರು ತರಕಾರಿ ತರಲು ರೈಲ್ವೆ ಸ್ಟೇಷನ್ ಕಡೆ ನಡೆದಿದ್ದರು. ಸಾನ್ವಿ ಸ್ಕೂಲಿನಿಂದ ಬೇಗ ಬಂದು, ಕೆಳಗೆ ತನ್ನ ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಮಿಸ್ಟ್ರಿ ಓದುತ್ತಿದ್ದಳು. ಹದಿನಾರು ವರ್ಷದ ಹುಡುಗಿ, ಮಾರನೆಯ ದಿನ ಟೆಸ್ಟು. ನೀರು ಕುಡಿಯಲೆಂದು ಅವಳು ಬಾಗಿಲು ತೆರೆದಾಗ ಅಜ್ಜಿ ಮೆಟ್ಟಿಲ ಬುಡದಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದಳು. ಸೀರೆ ಒದ್ದೆಯಾಗಿತ್ತು. ಬಿದ್ದು ಎಷ್ಟು ಹೊತ್ತಾಯಿತೋ ದ್ಯಾಮವ್ವನಿಗೂ ಗೊತ್ತಿರಲಿಲ್ಲ.

"ಕರದೆ ಯವ್ವಾ," ಎಂದಳು ಮೊಮ್ಮಗಳಿಗೆ. "ಭಾಳ ಸಲ ಕರದೆ."

ಸೊಂಟದ ಮೂಳೆ ಮುರಿದಿತ್ತು. ಮಾರನೆಯ ದಿನವೇ ಆಪರೇಷನ್ ಆಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಫಿ ಯಂತ್ರದ ಪಕ್ಕ ನಿಂತು ಗುರುದತ್ತ ಮಗಳನ್ನು ಕೇಳಿದ:

"ಮನೇಲೇ ಇದ್ದೆ ಅಲ್ವಾ ನೀನು? ಅಜ್ಜಿ ಕೂಗಿದ್ದು ಒಂದ್ ಸಲನಾದ್ರೂ ಕೇಳಿಸ್ಲಿಲ್ವಾ?"

"ಐ ಹ್ಯಾಡ್ ಮೈ ಹೆಡ್‌ಫೋನ್ಸ್ ಆನ್, ಅಪ್ಪ."

"ಹೆಡ್‌ಫೋನ್ಸ್! ವಯಸ್ಸಾದವರು ಒಬ್ರೇ ಇದಾರೆ ಅಂತ ಗೊತ್ತಿದ್ದೂ ಹೆಡ್‌ಫೋನ್ಸ್?"

"ಸಾರಿ."

"ಸಾರಿ ಅಂದ್ರೆ ಮೂಳೆ ಕೂಡುತ್ತಾ?"

ಶ್ರೀಲಕ್ಷ್ಮಿ ಅವನ ತೋಳು ಹಿಡಿದು ಸುಮ್ಮನಿರಿಸಿದಳು. ಸಾನ್ವಿ ಮಾತ್ರ ಅಂದಿನಿಂದ ಸುಮ್ಮನಾಗಲಿಲ್ಲ. ಆಸ್ಪತ್ರೆಗೆ ಹೋದಾಗಲೆಲ್ಲ ಅಜ್ಜಿಯ ಮಂಚದ ಪಕ್ಕ ಕೂತು "ಸಾರಿ ಅಜ್ಜಿ, ಸಾರಿ ಅಜ್ಜಿ" ಎನ್ನುತ್ತಿದ್ದಳು. ಮನೆಯಲ್ಲಿ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಡಬ್ಬಿಯ ಊಟ ಸಂಜೆ ಹಾಗೇ ವಾಪಸು ಬರುತ್ತಿತ್ತು. ಮೂರು ವಾರದಲ್ಲಿ ಸ್ಕೂಲ್ ಡ್ರೆಸ್ಸು ಸಡಿಲವಾಯಿತು.

* * *

ಗುರುದತ್ತನ ತಂಗಿ ಅನಘಾ ಸಿಡ್ನಿಯಿಂದ ಬಂದಳು. ಅವಳ ಮನೆ ಸ್ಕೋಫೀಲ್ಡ್ಸ್‌ನ ಹೊಸ ಬಡಾವಣೆಯಲ್ಲಿ. ಅವಳು ಸೂಟ್‌ಕೇಸ್ ಇಳಿಸಿ, ಟಾರ್ಪಾಲು ನೋಡಿ, ಮೆಟ್ಟಿಲು ನೋಡಿ, ಊಟಕ್ಕೆ ಕೂರುವ ಮೊದಲೇ ಶುರುಮಾಡಿದಳು.

"ಅಣ್ಣ, ಅವ್ವನ್ನ ನಾನು ಕರ್ಕೊಂಡು ಹೋಗ್ತೀನಿ. ನನ್ ಮನೇಲಿ ಕೆಳಗೇ ರೂಮಿದೆ, ಅಟ್ಯಾಚ್ಡ್ ಬಾತ್‌ರೂಮಿದೆ. ಎಲ್ಲ ಒಂದೇ ಲೆವೆಲ್ಲು."

"ನವೆಂಬರ್‌ನಲ್ಲಿ ನಿಮ್ಮತ್ತೆ ಬರ್ತಾರಲ್ಲ? ಆಮೇಲೆ ಎಲ್ಲಿಗೆ ಕಳಿಸ್ತೀಯ?"

"ಆಗಿನ ಮಾತು ಆಗ. ಇಲ್ಲಿಗೆ ಹೇಗೆ ಕರ್ಕೊಂಡ್ ಬರ್ತೀಯ ಹೇಳು. ಗೋಡೇನೇ ಇಲ್ಲ ನಿನ್ ಮನೆಗೆ!"

"ನಿನ್ನ ಡಬ್ಬಿ ಮನೆಗಿಂತ ಪರವಾಗಿಲ್ಲ."

"ಡಬ್ಬೀನೇ. ಆದ್ರೆ ಡಬ್ಬೀಲಿ ಯಾರೂ ಬಿದ್ದು ಸೊಂಟ ಮುರ್ಕೊಂಡಿಲ್ಲ."

ಶಂಭುಲಿಂಗಪ್ಪನವರು ಕೈ ಎತ್ತಿದರು. "ಸಾಕು. ಮಗ ಇರೂವಾಗ ಮಗಳ ಮನ್ಯಾಗ ಹೋಗಿ ಕುಂದ್ರೂದಿಲ್ಲ ನಾವು. ಮನಿ ತಪ್ಪಲ್ಲ, ಕೌನ್ಸಿಲ್ದು ತಪ್ಪು. ಅವರು ಒಂದು ಖೋಲಿ ಬಿಟ್ಟುಕೊಟ್ಟಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ."

ಗುರುದತ್ತ ಸಾರಿನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. ಯಾರ ಮುಖವನ್ನೂ ನೋಡಲಿಲ್ಲ. ಅನಘಾ ನಾಲ್ಕು ದಿನವಿದ್ದು ಹೋದಳು.

ಆಗಸ್ಟ್ ಮಧ್ಯದಲ್ಲಿ ಆಸ್ಪತ್ರೆಯಿಂದ ಥೆರಪಿಸ್ಟ್ ಬಂದಳು. ರೋಗಿಯನ್ನು ಮನೆಗೆ ಕಳಿಸುವ ಮೊದಲು ಮನೆ ನೋಡಿ ವರದಿ ಕೊಡುವುದು ಅವಳ ಕೆಲಸ. ಅಂದು ಮನೆಯಲ್ಲಿ ಶ್ರೀಲಕ್ಷ್ಮಿ ಒಬ್ಬಳೇ ಇದ್ದಳು. ಆ ಹೆಣ್ಣುಮಗಳು ಬಾಗಿಲುಗಳ ಅಗಲ ಅಳೆದಳು, ಮೆಟ್ಟಿಲ ಎತ್ತರ ಅಳೆದಳು, ಟಾರ್ಪಾಲನ್ನು ಬೆರಳಿನಿಂದ ಒತ್ತಿ ನೋಡಿದಳು. ಕೊನೆಗೆ ಮೆತ್ತಗೆ ಹೇಳಿದಳು: ಈ ಸ್ಥಿತಿಯಲ್ಲಿ ಇಲ್ಲಿಗೆ ಕಳಿಸಲು ಶಿಫಾರಸು ಮಾಡಲಾರೆ. ಎರಡು ವಾರದೊಳಗೆ ಬೇರೆ ವ್ಯವಸ್ಥೆ ಆಗದಿದ್ದರೆ ವೃದ್ಧಾಶ್ರಮದ ಹಾಸಿಗೆಗೆ ಅರ್ಜಿ ಹಾಕಬೇಕಾಗುತ್ತದೆ.

"ಅಲ್ಲಿ ಕನ್ನಡ ಮಾತಾಡೋರು ಯಾರಿರ್ತಾರೆ?" ಎಂದು ಶ್ರೀಲಕ್ಷ್ಮಿ ಕೇಳಿದಳು. "ಅವರಿಗೆ ಇಂಗ್ಲಿಷ್ ಒಂದಕ್ಷರ ಬರಲ್ಲ. ಹೊಟ್ಟೆ ನೋವು ಅಂತ ಹೇಳೋಕೂ ಬರಲ್ಲ."

ಥೆರಪಿಸ್ಟ್ ಓದುವ ಕೋಣೆಯ ಬಾಗಿಲಲ್ಲಿ ನಿಂತಳು. ಇದನ್ನು ಯಾಕೆ ಬಾತ್‌ರೂಮ್ ಮಾಡಬಾರದು ಎಂದು ಕೇಳಿದಳು.

"ಕೌನ್ಸಿಲ್ ಬಿಡಲ್ಲ. ಹೆರಿಟೇಜ್."

"ಒಳಗಡೆಗೂನಾ?" ಅವಳಿಗೆ ಆಶ್ಚರ್ಯವಾಯಿತು. "ನಾನು ಇಂಥ ಎಷ್ಟೋ ಮನೆ ನೋಡಿದೀನಿ. ಸಾಮಾನ್ಯವಾಗಿ ಹೊರಗಿನದು ಮಾತ್ರ ಅವರಿಗೆ ಬೇಕು. ಇನ್ನೊಂದ್ ಸಲ ಕೇಳಿ ನೋಡಿ."

ಶ್ರೀಲಕ್ಷ್ಮಿ ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಕೌನ್ಸಿಲ್ ಕಚೇರಿಗೆ ಹೋದಳು. ಬೇಡಿಕೊಳ್ಳಲೆಂದೇ ಹೋಗಿದ್ದಳು. ಅತ್ತೆಯ ಎಕ್ಸ್‌ರೇ ವರದಿ, ಆಸ್ಪತ್ರೆಯ ಪತ್ರ, ಎಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡಿದ್ದಳು. ಕೌಂಟರಿನ ಹೆಂಗಸು ಕಂಪ್ಯೂಟರಿನಲ್ಲಿ ಮನೆಯ ವಿಳಾಸ ಹಾಕಿ ನೋಡಿದಳು.

"ಒಳಗಿನ ಕೆಲಸಕ್ಕೆ ಹೆರಿಟೇಜ್ ಪರ್ಮಿಟ್ ಬೇಕಿಲ್ಲ. ಮುಂಭಾಗ, ಮಾಡು, ಹೊರಗೋಡೆ, ಅಷ್ಟೇ ಪಟ್ಟಿಯಲ್ಲಿರೋದು. ಹೋದ ವರ್ಷ ಫೆಬ್ರವರಿಯಲ್ಲೇ ನಿಮ್ಮ ಯಜಮಾನರು ಇದನ್ನೇ ಕೇಳಿದ್ದಾರಲ್ಲ? ಇದೇ ಉತ್ತರ ಕಳಿಸಿದೀವಿ."

ಪರದೆಯನ್ನು ಅವಳ ಕಡೆಗೆ ತಿರುಗಿಸಿದಳು. ನಾಲ್ಕು ಸಾಲಿನ ಪತ್ರ. ಕೆಳಗೆ ಗುರುದತ್ತನ ಉತ್ತರ: ಥ್ಯಾಂಕ್ಯೂ.

* * *

ಅಂದು ಸಂಜೆ ಆರೂವರೆಗೆ ಎಲ್ಲರೂ ಊಟಕ್ಕೆ ಕೂತಿದ್ದರು. ಶ್ರೀಲಕ್ಷ್ಮಿ ಉಪ್ಪಿಟ್ಟು ಮಾಡಿದ್ದಳು. ಬೇರೆ ಏನು ಮಾಡುವುದಕ್ಕೂ ಕೈ ಓಡಿರಲಿಲ್ಲ. ಬಡಿಸಿ ಮುಗಿಸಿ, ಕೂರದೆ, ಗಂಡನ ಎದುರಿಗೆ ನಿಂತಳು.

"ಕೌನ್ಸಿಲ್‌ಗೆ ಹೋಗಿದ್ದೆ ಇವತ್ತು."

ಗುರುದತ್ತನ ಚಮಚ ನಿಂತಿತು.

"ಯಾಕೆ?"

"ಕಾಲು ಹಿಡ್ಕೊಳ್ಳೋಣ ಅಂತ. ಆ ರೂಮ್ ಬಿಡಿ, ನಮ್ಮತ್ತೆ ಆಶ್ರಮದ ಪಾಲಾಗ್ತಾರೆ ಅಂತ ಕೇಳ್ಕೊಳ್ಳೋಣ ಅಂತ."

"ಶ್ರೀ, ಒಳಗೆ ಹೋಗಿ ಮಾತಾಡೋಣ."

"ಯಾವ ಒಳಗೆ? ಇಲ್ಲೇ ಹೇಳು. ಫೆಬ್ರವರೀಲಿ ನಿನಗೆ ಏನಂತ ಉತ್ತರ ಬಂತು, ಇಲ್ಲೇ ಹೇಳು."

ಇಪ್ಪತ್ತು ವರ್ಷದಲ್ಲಿ ಅವಳು ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸಾನ್ವಿ ತಟ್ಟೆಯಿಂದ ತಲೆಯೆತ್ತಿದಳು.

"ಏನಾತವಾ?" ಎಂದು ಕೇಳಿದರು ಶಂಭುಲಿಂಗಪ್ಪನವರು.

"ಕೌನ್ಸಿಲ್ ಬೇಡ ಅಂದೇ ಇಲ್ಲ ಮಾವ. ಒಳಗಡೆ ಏನು ಬೇಕಾದ್ರೂ ಮಾಡ್ಕೊಳ್ಳಿ, ನಮ್ಮನ್ನ ಕೇಳೋದೇ ಬೇಡ ಅಂತ ಬರೆದುಕೊಟ್ಟಿದಾರೆ. ನಿಮ್ಮ ಮಗ ಓದಿ, ಥ್ಯಾಂಕ್ಯೂ ಅಂತ ಉತ್ತರ ಕಳ್ಸಿದಾನೆ. ಕಳ್ಸಿ, ನಮಗೆಲ್ಲ ಆಗಲ್ಲ ಅಂದಿದಾನೆ."

"ಗುರು?"

"ಅಪ್ಪಾ, ಹಿಂದ ಕಟ್ಟೂದು ನಿಮಗಾಗೇ ಅಲ್ಲೇನು? ಇದರಕಿಂತಾ ದೊಡ್ಡ ಖೋಲಿ, ಬಿಸಿಲು ಬರೂವಂಥಾದ್ದು. ಒಂದ ವರ್ಷ ತಡೀರಿ ಅಂದೆ, ಅಷ್ಟ. ಈ ಖೋಲಿ ಒಡದ್ರ ಹೊಳ್ಳಿ ಮಾಡಾಕಾಗೂದಿಲ್ಲ. ಅಂಥ ಮರಾ ಈಗಿಲ್ಲ, ಮಾಡೂವ್ರೂ ಇಲ್ಲ."

"ಮರ!" ಎಂದಳು ಶ್ರೀಲಕ್ಷ್ಮಿ.

"ಬಿಲ್ಡರ್ ಮುಚ್ಕೊಂಡು ಹೋಗ್ತಾನೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಜೂನ್‌ನಲ್ಲಿ ಮುಚ್ಚಿದ ಅಲ್ವಾ? ಆಗ ಹೇಳ್ಬಹುದಿತ್ತು. ಹದಿನೈದು ದಿನದ ಕೆಲಸ ಅಂತ ಮಾವ ಹೇಳಿದ್ರು. ಅತ್ತೆ ಬಿದ್ದಿದ್ದು ಜುಲೈನಲ್ಲಿ." ಸಾನ್ವಿಯ ತಟ್ಟೆಯ ಕಡೆ ಕೈ ತೋರಿಸಿದಳು. "ಅದೂ ಹೋಗ್ಲಿ. ಈ ಮಗು ಒಂದು ತಿಂಗಳಿಂದ ತಾನೇ ಅಜ್ಜೀನ ಬೀಳಿಸಿದೆ ಅಂತ ಅನ್ನ ಬಿಟ್ಟು ಕೂತಿದೆ. ದಿನಾ ನೋಡ್ತಿದ್ದೆ ನೀನು. ಇವಳ ತಟ್ಟೆ ನೋಡ್ಕೊಂಡೇ ನೀನು ಊಟ ಮಾಡ್ತಿದ್ದೆ."

ಪ್ಲೈವುಡ್ಡಿನ ಹಿಂದೆ ಟಾರ್ಪಾಲು ಬಡಿದುಕೊಳ್ಳುತ್ತಿತ್ತು.

"ಯು ಲೆಟ್ ಮಿ ಥಿಂಕ್ ಇಟ್ ವಾಸ್ ಮಿ," ಎಂದಳು ಸಾನ್ವಿ. ಕೂಗಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ, ಉಪ್ಪಿಟ್ಟನ್ನು ಕಸದ ಡಬ್ಬಿಗೆ ಹಾಕಿ, ಮೆಟ್ಟಿಲಿಳಿದು ತನ್ನ ರೂಮಿಗೆ ಹೋದಳು. ಗುರುದತ್ತ ಹಿಂದೆಯೇ ಹೋದ. ಬಾಗಿಲು ತೆರೆಯಲಿಲ್ಲ. "ಸಾನ್ವಿ, ಸಾರಿ ಮಗಾ," ಎಂದು ಅವನು ಮೂರು ನಾಲ್ಕು ಸಲ ಹೇಳುವುದು ಮೇಲೆ ಕೂತವರಿಗೂ ಕೇಳಿಸಿತು.

ಅವನು ಹತ್ತಿ ಬಂದಾಗ ಶಂಭುಲಿಂಗಪ್ಪನವರು ಕೈ ತೊಳೆದು ನಿಂತಿದ್ದರು.

"ಈ ಮಾತು ನಿಮ್ಮವ್ವನ ಕಿವಿಗೆ ಬೀಳಬಾರದು," ಎಂದರು. "ಅಕಿ ಸೊಂಟಾ ಮುರದದ್ದು ತಡಕೊಂಡಾಳು. ಇದನ್ನ ತಡಕೊಳ್ಳೂದಿಲ್ಲ." ಸೊಸೆಯ ಕಡೆ ತಿರುಗಿದರು. "ಅನಘಾಗ ಫೋನ್ ಹಚ್ಚು ತಂಗಿ. ಬರ್ತೇವಿ ಅಂತ ಹೇಳು."

"ಅಪ್ಪಾ, ನಾಳೇನ ಪ್ಲಂಬರ್‌ನ ಕರಸ್ತೇನಿ. ನಾಳೇನ ಒಡಸ್ತೇನಿ."

ಅವರು ಮಗನಿಗೆ ಉತ್ತರ ಕೊಡಲಿಲ್ಲ. ಅಂದೂ ಕೊಡಲಿಲ್ಲ, ಮುಂದೆಯೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ದ್ಯಾಮವ್ವನಿಗೆ, ಸಿಡ್ನಿಯಲ್ಲಿ ಚಳಿ ಕಡಿಮೆ, ಸ್ವಲ್ಪ ದಿನ ಇದ್ದು ಬರೋಣ ಎಂದಷ್ಟೇ ಹೇಳಿದರು. ಆಗಸ್ಟ್ ಕೊನೆಯ ಶನಿವಾರ ಅನಘಾ ಬಂದು ಇಬ್ಬರನ್ನೂ ವಿಮಾನದಲ್ಲಿ ಕರೆದುಕೊಂಡು ಹೋದಳು. ಗಾಲಿಕುರ್ಚಿಯನ್ನು ಗುರುದತ್ತನೇ ತಳ್ಳಿದ. ಏರ್‌ಪೋರ್ಟಿನ ಗೇಟಿನ ಹತ್ತಿರ ಶಂಭುಲಿಂಗಪ್ಪನವರು ಬಂದು ಅವನ ಕೈಯಿಂದ ಹಿಡಿಕೆ ತೆಗೆದುಕೊಂಡರು.

* * *

ಗುರುದತ್ತ ಆಫೀಸಿಗೆ ಎರಡು ವಾರ ರಜೆ ಹಾಕಿ ಓದುವ ಕೋಣೆಯನ್ನು ತಾನೇ ಬಿಚ್ಚಿದ. ಮೊಳೆ ಕಾಣದ ಜೋಡಣೆಯನ್ನು ಬಿಚ್ಚುವ ಬಗೆ ಅವನಿಗೆ ತಿಳಿಯಲಿಲ್ಲ. ಮೊದಲನೆಯ ಹಲಗೆ ಉದ್ದಕ್ಕೂ ಸೀಳಿತು, ಎರಡನೆಯದೂ ಸೀಳಿತು. ಆಮೇಲೆ ಅವನು ಹುಷಾರು ಮಾಡುವುದನ್ನೇ ಬಿಟ್ಟು ಸುತ್ತಿಗೆ ತಂದ. ಮೇಜು ಮೂರು ತುಂಡಾಯಿತು. ಎಲ್ಲವನ್ನೂ ಹೊರಗೆ ಬಾಡಿಗೆಗೆ ತಂದಿಟ್ಟ ಕಸದ ದೊಡ್ಡ ತೊಟ್ಟಿಗೆ ಹಾಕಿದ. ಪಕ್ಕದ ಮನೆಯ ಮುದುಕ ಬೇಲಿಯಾಚೆ ನಿಂತು ನೋಡಿ ತಲೆಯಾಡಿಸಿ ಒಳಗೆ ಹೋದ.

ಶ್ರೀಲಕ್ಷ್ಮಿ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಅಡುಗೆ ಮಾಡುತ್ತಿದ್ದಳು. ಗಂಡನಿಗೆ ತಟ್ಟೆ ಹಾಕುತ್ತಿದ್ದಳು. ಮಾತು ಬೇಕಾದಷ್ಟೇ. "ಪ್ಲಂಬರ್ ಎಂಟಕ್ಕೆ ಬರ್ತಾನೆ." "ಹಾಲು ಮುಗಿದಿದೆ." ಮತ್ತೆ "ನೀವು" ಎನ್ನತೊಡಗಿದ್ದಳು. ಅದು ಗುರುದತ್ತನಿಗೆ ಬೈದದ್ದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಸಾನ್ವಿ ಅಮ್ಮನ ಜೊತೆ ಕೂತು ಉಣ್ಣಲು ಶುರುಮಾಡಿದಳು. ಅಪ್ಪ ಬಂದು ಕೂತರೆ ಮುಗಿದಿದೆ ಎಂದು ಏಳುತ್ತಿದ್ದಳು.

ಒಂದು ದಿನ ಅವನು ಟೈಲ್ಸಿನ ಎರಡು ಮಾದರಿ ಹಿಡಿದು ಅವಳ ಬಾಗಿಲಲ್ಲಿ ನಿಂತ.

"ಅಜ್ಜಿಗೆ ಯಾವುದು ಚೆನ್ನಾಗಿರುತ್ತೆ ಹೇಳು."

ಸಾನ್ವಿ ಎರಡನ್ನೂ ನೋಡಿದಳು. "ದ ನಾನ್‌ಸ್ಲಿಪ್ ಒನ್," ಎಂದು ಪುಸ್ತಕಕ್ಕೆ ತಿರುಗಿದಳು.

ಅಕ್ಟೋಬರ್ ಮೊದಲ ವಾರಕ್ಕೆ ಬಾತ್‌ರೂಮ್ ಮುಗಿಯಿತು. ಹೊಸ್ತಿಲಿಲ್ಲದ ನೆಲ, ಗೋಡೆಗೆ ಹಿಡಿಕೆ, ಕೂತು ಸ್ನಾನ ಮಾಡಲು ಮಡಚುವ ಪೀಠ. ಹಿಂದಿನ ಗೋಡೆ ಇನ್ನೂ ಟಾರ್ಪಾಲಿನದೇ. ಇನ್ಶೂರೆನ್ಸಿನವರು ಇನ್ನೊಂದು ಫಾರಂ ಕೇಳಿದ್ದರು.

"ಕರ್ಕೊಂಡ್ ಬರೋಣ," ಎಂದ ಗುರುದತ್ತ. "ನೀನೂ ಬಾ ಶ್ರೀ. ನಾನೊಬ್ನೇ ಹೋದ್ರೆ ಅಪ್ಪ ಬಾಗಿಲಲ್ಲೇ ನಿಲ್ಲಿಸ್ತಾರೆ."

"ಸಾನ್ವಿ?"

"ಕೇಳಿದೆ. ಬರಲ್ವಂತೆ. ಫ್ರೆಂಡ್ ಮನೇಲಿ ಇರ್ತಾಳಂತೆ."

* * *

ಸ್ಕೋಫೀಲ್ಡ್ಸ್‌ನ ಬೀದಿಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ನಂಬರ್ ನೋಡಿಕೊಂಡೇ ಹೋಗಬೇಕು. ಅನಘಾ ಬಾಗಿಲು ತೆರೆದಾಗ ಒಳಗಿನಿಂದ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ದ್ಯಾಮವ್ವ ಗ್ಯಾಸ್ ಒಲೆಯ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತು ರೊಟ್ಟಿ ಮಗುಚುತ್ತಿದ್ದಳು. ಪಕ್ಕದಲ್ಲಿ ವಾಕರ್. ಮಗನನ್ನು ನೋಡಿ ನಕ್ಕಳು.

"ಬಾರಪಾ. ಎಷ್ಟ ಬಡವಾಗೀದಿ! ಲಕ್ಷ್ಮೀ, ಕೂಸು ಬರ್ಲಿಲ್ಲೇನು?"

"ಪರೀಕ್ಷೆ ಹತ್ರ ಬಂತು ಅತ್ತೆ."

ಶಂಭುಲಿಂಗಪ್ಪನವರು ಪೇಪರಿನಿಂದ ತಲೆಯೆತ್ತಿ ಸೊಸೆಗೆ "ಬಾರವಾ" ಎಂದು ಮತ್ತೆ ಪೇಪರಿಗೆ ತಿರುಗಿದರು. ದ್ಯಾಮವ್ವ ಒಲೆ ಆರಿಸಿ, ವಾಕರ್ ಹಿಡಿದು, ಯಾರ ಸಹಾಯವೂ ಇಲ್ಲದೆ ತನ್ನ ರೂಮಿಗೆ ಹೋಗಿ ಬಂದಳು. ಗುರುದತ್ತ ನೋಡುತ್ತ ನಿಂತಿದ್ದ.

ಅವ್ವ ಬಂದು ಕೂತ ಮೇಲೆ ಅವನು ಫೋನಿನಲ್ಲಿ ಫೋಟೋ ತೋರಿಸಿದ. ದ್ಯಾಮವ್ವ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದಳು.

"ಭಾಳ ಛಂದ ಆಗೇತಿ. ಇದೆಲ್ಲೆ, ಹಿಂದ ಕಟ್ಟಿದ್ದೇನು?"

"ಅಲ್ಲವ್ವಾ. ಓದೂ ಖೋಲಿ."

"ಯವ್ವಾ! ಕೌನ್ಸಿಲ್‌ನವರು ಬಿಟ್ಟರು?"

"ಹೂಂ," ಎಂದ ಗುರುದತ್ತ. "ಟಿಕೆಟ್ ಬುಕ್ ಮಾಡ್ತೇನಿ ಅವ್ವಾ. ಆದಿತ್ಯವಾರ ಹೋಗೂಣು."

ದ್ಯಾಮವ್ವ ಗಂಡನ ಕಡೆ ನೋಡಿದಳು. ಪೇಪರು ಅಲುಗಲಿಲ್ಲ. ಮಗಳ ಕಡೆ ನೋಡಿದಳು. "ನೀನು ಇಲ್ಲೇ ಇದ್ರೂ ತೊಂದರೆ ಇಲ್ಲ ಅವ್ವ," ಎಂದಳು ಅನಘಾ. "ನಮ್ಮತ್ತೆ ಬಂದ್ರೆ ಮೇಲಿನ ರೂಮಲ್ಲಿ ಇರ್ತೀನಿ ಅಂದಿದಾರೆ. ಅವರಿಗೆ ಮಂಡಿ ಗಟ್ಟಿ ಇದೆ."

"ಲಕ್ಷ್ಮೀ," ಎಂದಳು ದ್ಯಾಮವ್ವ. "ನನ್ನ ಎಬ್ಬಿಸಿ, ಕುಂದರಿಸಿ, ಎರದಾಕಿ ನೀ. ನೀ ಹೇಳು. ಬರ್ಲೋ, ಬ್ಯಾಡೋ?"

ಶ್ರೀಲಕ್ಷ್ಮಿ ಗಂಡನನ್ನು ನೋಡಿದಳು. ಅವನು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ.

"ಬರಬೇಡಿ ಅತ್ತೆ."

"ಶ್ರೀ!"

"ಕೇಳಿದ್ರು, ಹೇಳ್ತಿದೀನಿ. ಬರಬೇಡಿ. ನಿಮ್ಮನ್ನ ನೋಡ್ಕೊಳ್ಳೋಕೆ ನನಗೆ ಬೇಜಾರಿಲ್ಲ. ಆದ್ರೆ ಆ ಮನೇಲಿ ಅಪ್ಪನ ಜೊತೆ ಮಗಳು ಊಟಕ್ಕೆ ಕೂರಲ್ಲ. ಮಾವ ಬಂದ್ರೆ ಮಗನ ಜೊತೆ ಮಾತಾಡಲ್ಲ. ನಿಮ್ಮೆದುರಿಗೆ ನಾವೆಲ್ಲ ಏನೂ ಆಗಿಲ್ಲ ಅನ್ನೋ ಹಾಗೆ ನಗ್ತಾ ಇರಬೇಕು. ದಿನಾ. ನನ್ನ ಕೈಲಿ ಆಗಲ್ಲ ಅತ್ತೆ."

ಶಂಭುಲಿಂಗಪ್ಪನವರು ಪೇಪರು ಕೆಳಗಿಟ್ಟರು. "ತಂಗಿ, ಬ್ಯಾಡ ಅಂತ ಹೇಳಿದ್ದೆ."

"ಏನು ಬ್ಯಾಡ?" ಎಂದಳು ದ್ಯಾಮವ್ವ. ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಎರಡು ತಿಂಗಳಾತು, ಇವರು ಮಗನ ಫೋನ್ ಬಂದ್ರ ಎದ್ದು ಹೊರಗ ಹೋಗ್ತಾರ. ಕಿವಿ ಕೇಳೂದಿಲ್ಲ ಅಂತಾರ. ನನಗೇನು ತಿಳಿಯೂದಿಲ್ಲೇನು? ಏನಾಗೇತಿ? ಗುರು, ನೀ ಹೇಳು."

ಗುರುದತ್ತ ಕುರ್ಚಿಯಿಂದ ಇಳಿದು ಅವ್ವನ ಕಾಲ ಹತ್ತಿರ ನೆಲದ ಮೇಲೆ ಕೂತ.

"ಕೌನ್ಸಿಲ್‌ನವರು ಬ್ಯಾಡ ಅಂದಿರಲಿಲ್ಲವ್ವಾ. ಮೊದಲಿಂದನೂ ಅಂದಿರಲಿಲ್ಲ. ನಾನ ಬ್ಯಾಡ ಅಂದಿದ್ದೆ. ಆ ಖೋಲಿ ಒಡೀಲಾರದ, ಸುಳ್ಳು ಹೇಳಿದೆ. ನೀ ಬೀಳೂ ಮೊದಲು ಆಗಿಹೋಗ್ತಿತ್ತು ಕೆಲಸ."

ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು ಇನ್ನೂ ಓಡುತ್ತಿತ್ತು. ಅನಘಾ ಹೋಗಿ ಆರಿಸಿ ಬಂದಳು. ದ್ಯಾಮವ್ವ ಸೆರಗಿನ ತುದಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದಳು.

"ಆ ಕೂಸಿಗೆ ಗೊತ್ತೈತೇನು?" ಎಂದು ಕೇಳಿದಳು ಕೊನೆಗೆ.

"ಗೊತ್ತೈತಿ."

"ಆಸ್ಪತ್ರ್ಯಾಗ ದಿನಾ ನನ್ನ ಕೈ ಹಿಡಕೊಂಡು ಅಳ್ತಿದ್ಲು. ನಾನೂ ಏನಂದೆ? ಹೋಗ್ಲಿ ಬಿಡವಾ, ಮುಂದ ಹಂಗ ಕಿವಿ ಮುಚ್ಚಿಕೊಂಡು ಕುಂದ್ರಬ್ಯಾಡ ಅಂದೆ. ಅಕಿ ತಪ್ಪ ಅಂತ ನಾನೂ ಅಂದಂಗ ಆತಲ್ಲೋ." ಮಗನ ಕೈಯಲ್ಲಿದ್ದ ಫೋನಿನ ಕಡೆ ಬೆರಳು ತೋರಿಸಿದಳು. "ಫೋನ್ ಹಚ್ಚು ಅಕಿಗೆ. ಈಗ ಹಚ್ಚು."

ಗುರುದತ್ತ ಹಚ್ಚಿದ. ಸಾನ್ವಿ ಅಪ್ಪನ ನಂಬರ್ ಎಂದು ಎತ್ತಲಿಲ್ಲ. ಶ್ರೀಲಕ್ಷ್ಮಿ ತನ್ನ ಫೋನಿನಿಂದ ಹಚ್ಚಿ ಅತ್ತೆಯ ಕೈಗೆ ಕೊಟ್ಟಳು.

"ಯವ್ವಾ, ಸಾನ್ವಿ. ನಾನು, ಅಜ್ಜಿ. ಹೂಂ, ಎಲ್ಲಾ ತಿಳೀತು. ನಿಂದು ಏನೂ ತಪ್ಪಿಲ್ಲವಾ. ನಾ ಅಂದದ್ದು ಮರತುಬಿಡು. ತಿಳೀದ ಅಂದೆ ನಾನು. ಉಂಡಿ? ಏನ ಉಂಡಿ?" ಆ ಕಡೆಯಿಂದ ಅಳು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. "ಅಳಬ್ಯಾಡ. ಡಿಸೆಂಬರ್ ರಜಾಕ್ಕ ಇಲ್ಲೇ ಬಾ. ನನ್ನ ಖೋಲ್ಯಾಗ ಮಲಗೀಯಂತ."

ಫೋನು ಸೊಸೆಗೆ ವಾಪಸು ಕೊಟ್ಟಳು. ಗುರುದತ್ತ ಇನ್ನೂ ನೆಲದ ಮೇಲೇ ಇದ್ದ.

"ಅವ್ವಾ, ಬಯ್ಯಿ. ಎರಡು ಹೊಡಿ ಬೇಕಾದ್ರ. ಆದ್ರ ಬರೂದಿಲ್ಲ ಅನಬ್ಯಾಡ. ನಿನಗಂತನ ಅದನ್ನ ಮಾಡಿಸೇನಿ."

"ನಿನ್ನ ಮ್ಯಾಲೆ ಸಿಟ್ಟಿಲ್ಲಪಾ ನನಗ," ಎಂದಳು ದ್ಯಾಮವ್ವ. ಕೈ ಚಾಚಿ ಅವನ ತಲೆಯ ಮೇಲಿಟ್ಟಳು, ಆಮೇಲೆ ತೆಗೆದಳು. "ನೀ ಹೊಟ್ಟಿಯಾಗ ಹುಟ್ಟಿದವ. ಆದ್ರ ಇಷ್ಟ ಹೇಳು. ನಾಳೆ ಅಲ್ಲೆ ನನಗ ಮೈಯಾಗ ಆರಾಮಿಲ್ಲಂದ್ರ, ಡಾಕ್ಟರು ಏನೂ ಇಲ್ಲ ಅಂದ್ರು ಅಂತ ನೀ ಬಂದು ಹೇಳಿದ್ರ, ನಾ ಹೆಂಗ ನಂಬ್ಲಿ?"

ಗುರುದತ್ತ ಫೋನನ್ನು ಜೇಬಿಗೆ ಹಾಕಿಕೊಂಡ.

ಅವಳು ವಾಕರ್ ಹಿಡಿದು ಎದ್ದಳು. ಅವನು ಹಿಡಿಯಲು ಹೋದ. ಶಂಭುಲಿಂಗಪ್ಪನವರು ಪಕ್ಕದಲ್ಲಿದ್ದರು, ಅವಳು ಗಂಡನ ತೋಳು ಹಿಡಿದಳು. ಇಬ್ಬರೂ ನಿಧಾನವಾಗಿ ತಮ್ಮ ಕೋಣೆಗೆ ನಡೆದು ಹೋದರು. ಬಾಗಿಲು ಮುಚ್ಚಿಕೊಂಡಿತು.